ಓದಿಸಿದವರಿಗೂ ಪುಸ್ತಕ ಉಳಿಸಿಕೊಂಡವರಿಗೂ

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ನನ್ನ ಯಜಮಾನರಿಗೆ ಪಾರ್ಶ್ವವಾಯು ಬಡಿದ ಸಂಗತಿ ಉಡುಪಿ, ಮಂಗಳೂರುಗಳ ನಮ್ಮ ಪರಿಚಿತರಲ್ಲಿ ಹೆಚ್ಚಿನವರಿಗೆ ತಿಳಿದಿದೆ. ಈಗ ಅವರು ಊರುಗೋಲು ಹಿಡಿದು ಅಂಗಳಕ್ಕೆ ಇಳಿಯುತ್ತಾರೆ, ನಿಧಾನವಾಗಿಯಾದರೂ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಾರೆ, ಬಂದವರನ್ನು ಹೆಸರು ಹಿಡಿದು ಕರೆಯುತ್ತಾರೆ. ಚಿಕಿತ್ಸೆ ಮಾಡಿದ ವೈದ್ಯರಿಗೆ, ದಾದಿಯರಿಗೆ, ಮನೆಗೇ ಬಂದು ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಯವರಿಗೆ ನಾವು ಎದುರಿನಲ್ಲೇ ಕೃತಜ್ಞತೆ ಹೇಳಿಕೊಂಡಿದ್ದೇವೆ. ಇನ್ನೊಂದು ಬಗೆಯ ಉಪಕಾರ ಮಾಡಿದವರು ಹಲವರಿದ್ದಾರೆ. ಅವರಲ್ಲಿ ಕೆಲವರಿಗೆ ತಾವು ಉಪಕಾರ ಮಾಡಿದ್ದೇ ಗೊತ್ತಿರಲಾರದು. ಈ ಬರಹ ಅವರಿಗಾಗಿ. ಅವರು ನಮಗೆ ಪುಸ್ತಕ ಒದಗಿಸಿದವರು.

ಮೆದುಳಿನ ಎಡಭಾಗಕ್ಕೆ ಪೆಟ್ಟಾದದ್ದರಿಂದ ಬಲಗೈ, ಬಲಗಾಲುಗಳ ಜೊತೆಗೆ ಮಾತೂ ಹೋಗಿತ್ತು. ಹೇಳಿದ್ದು ಅರ್ಥವಾಗುತ್ತಿತ್ತು, ಹೇಳಬೇಕಾದ ಪದ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಮಾತಿನ ತರಬೇತಿ ಕೊಡುತ್ತಿದ್ದ ಹುಡುಗಿ, ದಿನವೂ ಏನನ್ನಾದರೂ ಗಟ್ಟಿಯಾಗಿ ಓದಿ ಹೇಳಬೇಕೆಂದೂ, ನಡುನಡುವೆ ವಾಕ್ಯದ ಕೊನೆಯ ಪದವನ್ನು ನುಂಗಿಕೊಂಡು ಅವರೇ ಅದನ್ನು ತುಂಬುವ ತನಕ ಕಾಯಬೇಕೆಂದೂ ಹೇಳಿಕೊಟ್ಟಳು. ಮೊದಲು ದಿನಪತ್ರಿಕೆ ಓದಿದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಭಕ್ತಿಯ ಪುಸ್ತಕ ಓದಿದೆ, ಕಣ್ಣು ಮುಚ್ಚಿದರು. ಪತ್ತೇದಾರಿ ಕಥೆಗಳನ್ನು ಓದೆಂದು ಹೇಳಿ ಮೊದಲ ಕಟ್ಟನ್ನು ಕಳುಹಿಸಿಕೊಟ್ಟವಳು ಮಂಗಳೂರಿನ ಬಿಜೈಯಲ್ಲಿರುವ ನನ್ನ ತಂಗಿ. ಯಜಮಾನರು ಬ್ಯಾಂಕಿನಲ್ಲಿದ್ದಾಗ ಬಹುಕಾಲ ತನಿಖಾ ವಿಭಾಗದಲ್ಲಿ ದುಡಿದವರು. ಶಾಖೆಯಿಂದ ಶಾಖೆಗೆ ಹೋಗಿ ಲೆಕ್ಕದ ಪುಸ್ತಕಗಳಲ್ಲಿ ಹೊಂದದ ಅಂಕಿಗಳನ್ನು ಹುಡುಕುವುದೇ ಅವರ ಕೆಲಸವಾಗಿತ್ತು. ಭಾವನಿಗೆ ಏನು ಹಿಡಿಸುತ್ತದೆ ಎಂಬುದನ್ನು ತಂಗಿ ನನಗಿಂತ ಮೊದಲೇ ಊಹಿಸಿದ್ದಳು.

ಅಗಾಥಾ ಕ್ರಿಸ್ಟಿಯಿಂದ ಆರಂಭವಾಯಿತು. ಪುಸ್ತಕಗಳು ಇಂಗ್ಲಿಷಿನವಾದ್ದರಿಂದ ನಾನು ಒಂದು ಪುಟ ಮೂಲವನ್ನು ಓದಿ, ಬಳಿಕ ತಾಳಮದ್ದಲೆಯಲ್ಲಿ ಭಾಗವತರ ಪದವಾದ ಮೇಲೆ ಅರ್ಥಧಾರಿಗಳು ವಿಸ್ತರಿಸುವಂತೆ ಕನ್ನಡದಲ್ಲಿ ಬೆಳೆಸಿ ಹೇಳುವುದೆಂದು ರೂಢಿಯಾಯಿತು. ಆಕೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುತ್ತ ವಿಷಗಳ ಗುಣವನ್ನು ಕಲಿತರೆಂಬುದನ್ನೂ, 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಆ ವಿದ್ಯೆಯನ್ನು ಬಳಸಿದರೆಂಬುದನ್ನೂ ನಾನು ಪೀಠಿಕೆಯಾಗಿ ಹೇಳಿದೆ. ಅಂದಿನಿಂದ ಯಜಮಾನರು ತಮ್ಮ ಮಾತ್ರೆಗಳನ್ನು ನುಂಗುವ ಮೊದಲು ನನ್ನ ಮುಖವನ್ನು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಂಡರು. ಅದು ತಮಾಷೆಯೆಂದು ತಿಳಿದಾಗ, ಒಳಗಿನ ಮನುಷ್ಯ ಹಾಗೆಯೇ ಇದ್ದಾರೆಂಬ ಧೈರ್ಯ ನನಗೆ ಬಂತು.

ಕೊಲೆಗಾರ ಯಾರೆಂದು ಕೇಳಿದರೆ ಅವರು ಎಡಗೈಯ ಬೆರಳಿನಿಂದ ಹೆಸರಿನ ಮೇಲೆ ಕುಟ್ಟುತ್ತಿದ್ದರು. ನಾನು ಕಾಗದದ ಮೇಲೆ ಪಾತ್ರಗಳ ಹೆಸರುಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದಿಡುತ್ತಿದ್ದೆ. ಸತ್ತವರ ಹೆಸರಿಗೆ ಅಡ್ಡಗೆರೆ ಬೀಳುತ್ತಿತ್ತು. ಕಥೆ ಯಾವುದೇ ಇರಲಿ, ಅದರಲ್ಲಿ ಒಬ್ಬ ವೈದ್ಯನಿದ್ದರೆ ಇವರ ಬೆರಳು ಮೊದಲು ಹೋಗುತ್ತಿದ್ದುದು ಅವನ ಹೆಸರಿಗೇ. ದಿನಕ್ಕೆ ಎರಡು ಸಲ ಚುಚ್ಚಿಸಿಕೊಳ್ಳುವವರಿಗೆ ಅಂಥ ಸಂಶಯ ಸಹಜವಿರಬಹುದು. ಯಾವ ಪುಸ್ತಕದಲ್ಲಿ ಅವರ ಊಹೆ ನಿಜವಾಯಿತೆಂಬುದನ್ನು ಇನ್ನೂ ಓದದವರ ಸುಖಕ್ಕೆ ಭಂಗ ಬರಬಾರದೆಂದು ನಾನು ಹೇಳುವುದಿಲ್ಲ. ಆ ರಾತ್ರಿ ಅವರು ಬೆರಳು ಕುಟ್ಟಲಿಲ್ಲ. ‘ನಾನು ಹೇಳಿದೆನಲ್ಲ’ ಎಂದು ತೊದಲಿದರು. ಕಾಯಿಲೆ ಬಿದ್ದ ಮೇಲೆ ಅವರು ಜೋಡಿಸಿದ ಮೊದಲ ವಾಕ್ಯ ಅದು. ಜಂಬದ ವಾಕ್ಯವೇ ಆದರೂ ನನಗೆ ಸಂತೋಷವಾಯಿತು.

ವರ್ಷವಿಡೀ ಓದಿದವುಗಳಲ್ಲಿ ನಮ್ಮಿಬ್ಬರನ್ನೂ ಹೆಚ್ಚು ಹಿಡಿದಿಟ್ಟದ್ದು ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’. ಇಂಗ್ಲೆಂಡಿನ ಹಳ್ಳಿಯೊಂದರ ದೊಡ್ಡ ಮನೆಯಲ್ಲಿ ವಜ್ರ ಕಾಣೆಯಾಗುವ ಕಥೆಯೆಂದಷ್ಟೇ ತಿಳಿದು ತೆರೆದರೆ, ಮೊದಲ ಪುಟದಲ್ಲೇ 1799ರ ಶ್ರೀರಂಗಪಟ್ಟಣದ ಮುತ್ತಿಗೆ ಎದುರಾಯಿತು. ಟಿಪ್ಪುವಿನ ಭಂಡಾರದಲ್ಲಿದ್ದ, ಕಠಾರಿಯ ಹಿಡಿಯಲ್ಲಿ ಕೂಡಿಸಿದ ವಜ್ರವನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ರಕ್ತ ಹರಿಸಿ ಅಪಹರಿಸುತ್ತಾನೆ. ಅಲ್ಲಿಂದಾಚೆಗೆ ನಡೆಯುವುದೆಲ್ಲ ಆ ಮೊದಲ ಕಳವಿನ ಪರಿಣಾಮ. ಶಾಲೆಯ ಪ್ರವಾಸದಲ್ಲಿ ನೋಡಿದ ಊರು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಆರಂಭದಲ್ಲೇ ನಿಂತಿರುವುದನ್ನು ಕಂಡು ನಾನು ಓದುವುದನ್ನು ನಿಲ್ಲಿಸಿದ್ದೆ. ಯಜಮಾನರು ಹಾಸಿಗೆಯ ಅಂಚನ್ನು ಬಡಿದು ಮುಂದುವರಿಸುವಂತೆ ಸೂಚಿಸಿದರು. ಮನೆಯ ಮುದಿ ಪಾರುಪತ್ಯಗಾರ, ಧರ್ಮದ ಕರಪತ್ರ ಹಂಚುವ ಹೆಂಗಸು, ವಕೀಲ, ವೈದ್ಯನ ಸಹಾಯಕ ಹೀಗೆ ಒಬ್ಬೊಬ್ಬರೂ ತಮಗೆ ಗೊತ್ತಿರುವಷ್ಟನ್ನೇ ಬರೆದು ಒಪ್ಪಿಸುವ ಅದರ ಕ್ರಮ, ಶಾಖೆಯ ಗುಮಾಸ್ತರಿಂದಲೂ ಖಜಾಂಚಿಯಿಂದಲೂ ಬೇರೆ ಬೇರೆಯಾಗಿ ಹೇಳಿಕೆ ಬರೆಸಿಕೊಂಡು ತಾಳೆ ನೋಡುತ್ತಿದ್ದವರಿಗೆ ಬಹಳ ಪರಿಚಿತವೆನಿಸಿತು. ಗುಲಾಬಿ ಗಿಡಗಳ ಹುಚ್ಚಿನ ಸಾರ್ಜೆಂಟ್ ಕಫ್ ಅವರಿಗೆ ಅಚ್ಚುಮೆಚ್ಚಾದ. ಈ ಪುಸ್ತಕವನ್ನು ಕೊಟ್ಟವರು ನಮ್ಮ ಕುಂಜಿಬೆಟ್ಟಿನ ಬೀದಿಯಲ್ಲೇ ಇರುವ ನಿವೃತ್ತ ಪ್ರಾಧ್ಯಾಪಕರು. ತಮ್ಮ ವಿದ್ಯಾರ್ಥಿ ದೆಸೆಯ ಪ್ರತಿಯನ್ನು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳ ಸಮೇತ, ಯಾವ ಅವಧಿಯನ್ನೂ ಹೇಳದೆ ಕೊಟ್ಟರು. ಮುಂದೆ ಬರುವ ರಹಸ್ಯಗಳನ್ನು ಸೂಚಿಸುವ ಟಿಪ್ಪಣಿಗಳಿದ್ದ ಕಡೆ ಅವರೇ ಕಾಗದದ ಚೂರು ಅಂಟಿಸಿ ಮರೆಮಾಡಿದ್ದರೆಂಬುದನ್ನು ವಿಶೇಷವಾಗಿ ಸ್ಮರಿಸುತ್ತೇನೆ.

ಸರಣಿಗಳ ಬೆಲೆ ಏನೆಂಬುದು ಮಳೆ ಮುಗಿದು, ನೋಡಲು ಬರುವವರ ಸಂಖ್ಯೆ ಕಡಿಮೆಯಾದ ಮೇಲೆ ತಿಳಿಯಿತು. ಒಂದು ಕಥೆ ಮುಗಿದರೂ ಆ ಮನುಷ್ಯ ಮುಗಿಯುವುದಿಲ್ಲ. ನಾಳೆ ಇನ್ನೊಂದು ಪುಸ್ತಕದಲ್ಲಿ ಅದೇ ಪೈಪು, ಅದೇ ಕೋಟು, ಅದೇ ಗೊಣಗಾಟದೊಂದಿಗೆ ಬರುತ್ತಾನೆ. ಸಿಮೆನಾನ್ ತನ್ನ ಇನ್ಸ್‌ಪೆಕ್ಟರ್ ಮೇಗ್ರೆಯ ಮೇಲೆ 75 ಕಾದಂಬರಿಗಳನ್ನು ಬರೆದಿದ್ದಾನೆಂದು ತಿಳಿದಾಗ ಯಜಮಾನರ ಮುಖದಲ್ಲಿ ಠೇವಣಿಯ ಮೊತ್ತ ಕೇಳಿದವರ ಸಮಾಧಾನ ಕಾಣಿಸಿತು. ಎಲ್ಲಿಸ್ ಪೀಟರ್ಸ್ ಬರೆದ 20 ಕಾದಂಬರಿಗಳ ಕ್ಯಾಡ್‌ಫೀಲ್, ಹನ್ನೆರಡನೆಯ ಶತಮಾನದ ಮಠವೊಂದರಲ್ಲಿ ಮೂಲಿಕೆ ಬೆಳೆದು ಕಷಾಯ ಕಾಸುವ ಸನ್ಯಾಸಿ. ಅವನು ನನಗೆ ಹೆಚ್ಚು ಪ್ರಿಯ, ಅವರಿಗೆ ಅಷ್ಟಿಲ್ಲ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಹುಟ್ಟಿಸಿದ ವ್ಯೋಮಕೇಶ ಬಕ್ಷಿಯ ವಿಷಯದಲ್ಲಿ ನಮಗೆ ಒಮ್ಮತವಿತ್ತು. ಮುಂಬಯಿಯ ಇನ್ಸ್‌ಪೆಕ್ಟರ್ ಘೋಟೆಯ ಕಥೆಗಳನ್ನು ಕೀಟಿಂಗ್ ಎಂಬ ಇಂಗ್ಲಿಷ್ ಲೇಖಕ 1964ರಿಂದ ಹಲವು ವರ್ಷ ಭಾರತಕ್ಕೆ ಕಾಲಿಡದೆಯೇ ಬರೆದನೆಂಬ ಸಂಗತಿಯನ್ನು ಯಜಮಾನರು ಒಪ್ಪಿಕೊಳ್ಳಲೇ ಇಲ್ಲ. ಸ್ಥಳ ಪರಿಶೀಲನೆ ಮಾಡದೆ ವರದಿ ಬರೆಯುವವರನ್ನು ಅವರು ಎಂದೂ ನಂಬಿದವರಲ್ಲ.

ಅಜ್ಜರಕಾಡಿನ ಗ್ರಂಥಾಲಯದ ಸಿಬ್ಬಂದಿಗೆ ಇಲ್ಲಿ ಕೈಮುಗಿಯಬೇಕು. ನಾನು ಮನೆ ಬಿಟ್ಟು ಹೊರಡಲಾಗದ ದಿನಗಳಲ್ಲಿ ಎದುರು ಮನೆಯ ಹುಡುಗ ಕಾಲೇಜು ಮುಗಿಸಿ ಬರುವಾಗ ಪುಸ್ತಕ ಬದಲಿಸಿ ತರುತ್ತಿದ್ದ. ಅವನು ಏನನ್ನು ಕೇಳಬೇಕೆಂದು ತಿಳಿಯದೆ ನಿಂತರೆ ಅಲ್ಲಿನವರೇ ಕಪಾಟಿನ ಹಿಂದಿನ ಸಾಲಿನಿಂದ ಹುಡುಕಿ ಕೊಡುತ್ತಿದ್ದರು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರ ಪುಸ್ತಕ ಹೀಗೆಯೇ ಬಂತು. ಎಳವೆಯಲ್ಲಿ ಪಠ್ಯಪುಸ್ತಕದ ಒಳಗಿಟ್ಟು ಓದಿ ಪೆಟ್ಟು ತಿಂದ ಪುಸ್ತಕಗಳವು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂದು ಹೇಳಿದಾಗ ಆ ಹುಡುಗನಿಗೆ ಆಶ್ಚರ್ಯವಾಯಿತು. ಈಗ ಅವನೂ ತನಗೆಂದು ಒಂದು ಪುಸ್ತಕ ತರುತ್ತಿದ್ದಾನೆ.

ಮಂಗಳೂರಿನಿಂದ ಪುಸ್ತಕಗಳು ಬರುತ್ತಿದ್ದುದು ಬಸ್ಸಿನಲ್ಲಿ. ತಂಗಿ ಕಟ್ಟನ್ನು ಎಕ್ಸ್‌ಪ್ರೆಸ್ ಬಸ್ಸಿನ ನಿರ್ವಾಹಕರ ಕೈಗೆ ಕೊಟ್ಟು ಬಸ್ಸಿನ ಹೆಸರನ್ನೂ ಹೊರಟ ಹೊತ್ತನ್ನೂ ಫೋನಿನಲ್ಲಿ ತಿಳಿಸುವಳು. ಇಲ್ಲಿ ರಿಕ್ಷಾದವರೊಬ್ಬರು ನಿಲ್ದಾಣದಲ್ಲಿ ಕಾದು ತಂದುಕೊಡುವರು. ಜೋರು ಮಳೆಯಲ್ಲಿಯೂ ಒಂದು ಕಟ್ಟೂ ಒದ್ದೆಯಾಗಲಿಲ್ಲ. ಅವುಗಳಲ್ಲಿ ಕೆಲವು, 2012ರಲ್ಲಿ ಮುಚ್ಚಿದ ಅತ್ರಿ ಬುಕ್ ಸೆಂಟರಿನಿಂದ ತಂಗಿ ಹಿಂದೆ ಕೊಂಡವು. ಅಲ್ಲಿ ನಿಂತು ಪುಟ ತಿರುವಿದವರಿಗೆ ಆ ಅಂಗಡಿಯ ಋಣ ಬೇರೆ ಹೇಳಬೇಕಾಗಿಲ್ಲ.

ಒಮ್ಮೆ ಹಾಗೆ ಬಂದ ಕಟ್ಟಿನಲ್ಲಿ ತಂಗಿಯ ಅತ್ತೆಯವರು ಕಾಪಾಡಿಕೊಂಡು ಬಂದ ಧಾರಾವಾಹಿಗಳ ಸಂಪುಟಗಳಿದ್ದವು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಕಂತುಗಳನ್ನು ಕಿತ್ತು, ಕ್ರಮವಾಗಿ ಜೋಡಿಸಿ, ದಪ್ಪ ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆ ಮೆತ್ತಿದ ರಟ್ಟು ಹಾಕಿದ ಆ ಸಂಪುಟಗಳು ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಒಂದು ಕಾಲಕ್ಕೆ ಇದ್ದವು. 1983ರಲ್ಲಿ ಮಣಿಪಾಲದಿಂದ ‘ತರಂಗ’ ಹೊರಡತೊಡಗಿದ ಮೇಲಂತೂ ಈ ಹೊಲಿಗೆಯ ಕೆಲಸ ಹೆಚ್ಚಾಯಿತು. ಪುಟದ ಒಂದು ಬದಿಯಲ್ಲಿ ಕೊಲೆ, ಇನ್ನೊಂದು ಬದಿಯಲ್ಲಿ ಹಪ್ಪಳದ ವಿಧಾನ ಅಥವಾ ಸೀರೆಯ ಜಾಹೀರಾತು. ಹೊಲಿಗೆ ಒಳಗೆ ಸಿಕ್ಕಿಕೊಂಡ ಅಕ್ಷರಗಳನ್ನು ಪುಸ್ತಕವನ್ನು ಅಗಲಿಸಿ ಇಣುಕಿ ಓದಬೇಕು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಆ ಹಿರಿಯರು ಪ್ರತಿ ವರ್ಷವೂ ಬಿಸಿಲಿಗೆ ಹಾಕಿ, ನುಸಿಗುಳಿಗೆ ಇಟ್ಟು ಕಟ್ಟಿಡುತ್ತಿದ್ದರಂತೆ. ಮನೆ ಕೆಡವಿ ಹೊಸತು ಕಟ್ಟಿದಾಗ ತಾಮ್ರದ ಹಂಡೆಯನ್ನು ಗುಜರಿಗೆ ಕೊಡಲು ಒಪ್ಪಿದವರು ಈ ಕಟ್ಟುಗಳನ್ನು ಕೊಡಲು ಒಪ್ಪಲಿಲ್ಲ. ಅವರು ಈಗ ಇಲ್ಲ. ಇದ್ದಿದ್ದರೆ ಮಂಗಳೂರಿಗೆ ಹೋಗಿ ಕಾಲಿಗೆ ನಮಸ್ಕರಿಸಿ ಬರುತ್ತಿದ್ದೆ.

ಹಳೆಯ ಕಾದಂಬರಿಗಳ ಕಡೆಗೆ ಹೊರಳಿದ್ದು ಚಳಿಗಾಲದಲ್ಲಿ, ಅದೂ ಅವರ ಅಪೇಕ್ಷೆಯಂತೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದದ್ದು; ಅದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗುರುತಿಸುತ್ತಾರೆ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರೆಂಬ ಕಾರಣಕ್ಕೆ ಯಜಮಾನರು ಅಲ್ಲಿಯೂ ಒಂದು ಅಪರಾಧವನ್ನು ನಿರೀಕ್ಷಿಸಿದರು. ಲಂಚಕೋರರೂ ಕಪಟ ಸನ್ಯಾಸಿಗಳೂ ಇರುವ, ಎಳೆಯ ವಿಧವೆಯ ಬಾಳನ್ನು ಹಿಡಿದು ನಡೆಯುವ ಆ ಕಥೆಯಲ್ಲಿ ಅಪರಾಧಗಳಿಗೇನೂ ಕೊರತೆಯಿಲ್ಲ. ಅವುಗಳನ್ನು ಯಾರೂ ಪತ್ತೆ ಹಚ್ಚಬೇಕಾಗಿಲ್ಲ, ಊರಿಗೆಲ್ಲ ಗೊತ್ತಿರುವಂಥವೇ. ಬಳಿಕ ಕಾರಂತರ ‘ಬೆಟ್ಟದ ಜೀವ’ವನ್ನು ಓದಿದೆವು. ಮನೆ ಬಿಟ್ಟುಹೋದ ಮಗನ ಚಿಂತೆಯನ್ನು ಒಳಗಿಟ್ಟುಕೊಂಡು ಕಾಡಿನ ನಡುವೆ ತೋಟ ಕಡಿಯುತ್ತ, ಬಂದವರಿಗೆ ಉಪಚಾರ ಮಾಡುತ್ತ ಬದುಕುವ ಗೋಪಾಲಯ್ಯ, ಶಂಕರಮ್ಮನವರ ಆ ಕಾದಂಬರಿ 1943ರದು. ಕಾಣೆಯಾದವರನ್ನು ಕೊನೆಯ ಅಧ್ಯಾಯದಲ್ಲಿ ತಂದು ಎದುರು ನಿಲ್ಲಿಸುವ ಪತ್ತೇದಾರರ ಜೊತೆ ತಿಂಗಳುಗಟ್ಟಲೆ ಕಳೆದ ನಮಗೆ, ಕಾರಂತರು ಹಾಗೇನೂ ಮಾಡದೆ ಮುಗಿಸುವುದು ಕಠಿಣವೆನಿಸಿತು. ಮೇಗ್ರೆಯ ಪುಸ್ತಕಗಳು ನನ್ನನ್ನು ಆ ರಾತ್ರಿಗೆ ನಿದ್ದೆ ಮಾಡಿಸಿದವು. ‘ಬೆಟ್ಟದ ಜೀವ’ ಮಾತ್ರ, ಈ ಕಾಯಿಲೆ ಹಿಂದಿನ ಸ್ಥಿತಿಗೆ ಪೂರ್ತಿಯಾಗಿ ಮರಳಿಸದಿದ್ದರೂ ಮನೆ ನಡೆಸಬೇಕೆಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಕೊಳ್ಳುವಂತೆ ಮಾಡಿತು. ಆ ಮಾತು ಬಹಳ ಕಾಲದಿಂದ ಬಾಕಿಯಿತ್ತು.

ಈಗ ಯಜಮಾನರೇ ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದುತ್ತಾರೆ. ನಾನು ದೋಸೆ ಹೊಯ್ಯುತ್ತ ಕೇಳುತ್ತೇನೆ. ಸದ್ಯ ಕೈಯಲ್ಲಿರುವುದು ತೇಜಸ್ವಿಯವರ ‘ಚಿದಂಬರ ರಹಸ್ಯ’. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಬಗ್ಗೆ ಅವರು ಈಗಾಗಲೇ ಬಲವಾದ ಅಭಿಪ್ರಾಯ ತಳೆದಿದ್ದಾರೆ. ಪುಸ್ತಕ ಕೊಟ್ಟ, ತಂದ, ಅವಧಿ ಮೀರಿದರೂ ಕೇಳದಿದ್ದ ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರಗಳು. ಹಿಂದಿರುಗಿಸಬೇಕಾದ ಪುಸ್ತಕಗಳನ್ನು ಹೊಸ ಹೊದಿಕೆ ಹಾಕಿ ಜೋಡಿಸಿಟ್ಟಿದ್ದೇನೆ. ಈ ತಿಂಗಳೊಳಗೆ ಮನೆಮನೆಗೆ ತಲುಪಿಸುತ್ತೇವೆ.

ಕೊನೆಯದಾಗಿ ಒಂದು ಬೇಡಿಕೆಯೂ ಇದೆ. ಮೇಲೆ ಹೇಳಿದ ಹೊಲಿಗೆಯ ಸಂಪುಟಗಳಲ್ಲಿ ಒಂದಕ್ಕೆ ಮೊದಲ ಹಾಳೆಯೂ ಕೊನೆಯ ಕಂತೂ ಇಲ್ಲ; ಆದ್ದರಿಂದ ಕಾದಂಬರಿಯ ಹೆಸರು, ಬರೆದವರ ಹೆಸರು ಎರಡೂ ತಿಳಿಯವು. ಘಟ್ಟದ ಮೇಲಿನ ಕಾಫಿ ತೋಟದ ಬಂಗಲೆ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತ ತೋಟದ ಯಜಮಾನ, ಎರಡು ಗಂಟೆ ಮುಂದಿಟ್ಟ ಗೋಡೆ ಗಡಿಯಾರ, ಊರಿನ ಕಂಪೌಂಡರ್ ಮೇಲೆ ಎಲ್ಲರ ಸಂಶಯ. ಇಷ್ಟು ನಮ್ಮ ಬಳಿ ಇದೆ. ಯಾರ ಮನೆಯ ಅಟ್ಟದಲ್ಲಾದರೂ ಇದರ ಮುಂದಿನ ಪುಟಗಳಿದ್ದರೆ ದಯವಿಟ್ಟು ತಿಳಿಸಬೇಕು. ಕಂಪೌಂಡರನೇ ಕೊಲೆಗಾರನೆಂದು ಯಜಮಾನರು ಹಟ ಹಿಡಿದಿದ್ದಾರೆ, ನಾನು ಒಪ್ಪುವುದಿಲ್ಲ.