ಇಲ್ಲದ ಬಸ್ಸು, ಮುಚ್ಚಿದ ಕಣಿವೆ: ನಿಮ್ಮ ಜಪಾನ್ ಬೆಟ್ಟದ ಪ್ಲ್ಯಾನ್ ಬಗ್ಗೆ ದೂರು

ಬೆಂಗಳೂರು
2 ಡಿಸೆಂಬರ್ 2025

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ತಪ್ಪು ಬಸ್ ವೇಳೆ ಮತ್ತು ತಪ್ಪು ದಿನಾಂಕದ ಪ್ಲ್ಯಾನ್ ಕೊಟ್ಟಿದ್ದರ ಬಗ್ಗೆ, ಹಣ ವಾಪಸ್ ಕೋರಿ

ಮಾನ್ಯರೇ,

ಕಳೆದ ತಿಂಗಳು ಅಪ್ಪನ ಜೊತೆ ಜಪಾನಿಗೆ ಹೋಗಿ ಬಂದೆ. ಹೋಗುವ ಮೊದಲು ನಿಮ್ಮಿಂದ ಒಂದು ಪ್ಲ್ಯಾನ್ ಕೊಂಡಿದ್ದೆ. ಗೈಡ್ ಇಲ್ಲ, ಬಾಡಿಗೆ ಕಾರಿಲ್ಲ. ರೈಲು ಮತ್ತು ಊರಿನ ಸಾಮಾನ್ಯ ಬಸ್ಸಿನಲ್ಲೇ ಬೆಟ್ಟದ ಬುಡಕ್ಕೆ ಹೋಗಿ, ಹತ್ತಿಳಿದು, ಮತ್ತೆ ಬಸ್ಸಿನಲ್ಲೇ ವಾಪಸಾಗುವ ಪ್ಲ್ಯಾನ್ ಅದು. ಯಾವ ದಿನ ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು ಎಂದು ನೀವು ಬರೆದುಕೊಟ್ಟ ಪುಸ್ತಿಕೆಗಾಗಿಯೇ ನಾನು ದುಡ್ಡು ಕೊಟ್ಟಿದ್ದು.

ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಮಲೆನಾಡಿನ ರೂಟುಗಳಲ್ಲೇ ಜೀವನ ಕಳೆದವರು. ಜಪಾನಿನಲ್ಲಿ ಬೆಟ್ಟದ ತುದಿಯ ಊರಿಗೂ ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತದೆ ಎಂದು ಎಲ್ಲೋ ಕೇಳಿದ್ದರು. ಅದನ್ನು ಕಣ್ಣಾರೆ ನೋಡಬೇಕು ಎನ್ನುವುದು ಅವರ ಆಸೆ. ನಾವು ನಿಮ್ಮ ಪ್ಲ್ಯಾನ್ ಆರಿಸಿಕೊಂಡಿದ್ದೇ ಅದಕ್ಕೆ.

ಮೊದಲ ದಿನ ಎಲ್ಲವೂ ಚೆನ್ನಾಗಿತ್ತು. ನವೆಂಬರ್ 8, ಶನಿವಾರ. ಟೋಕಿಯೊದ ಪಶ್ಚಿಮಕ್ಕಿರುವ ಮಿತಾಕೆ ನಿಲ್ದಾಣದಲ್ಲಿ ರೈಲಿಳಿದೆವು. ನೀವು ಬರೆದ ಬಸ್ಸು ನೀವು ಬರೆದ ಹೊತ್ತಿಗೇ ಬಂತು. ಅಲ್ಲಿಂದ ಕೇಬಲ್ ಕಾರು, ಆಮೇಲೆ ನಡಿಗೆ, 929 ಮೀಟರ್ ಎತ್ತರದಲ್ಲಿ ದೇವಸ್ಥಾನ. ಬಸ್ಸಿನ ನಿಮಿಷವನ್ನು ತಮ್ಮ ಗಡಿಯಾರಕ್ಕೆ ಹೋಲಿಸಿ ನೋಡಿ ಅಪ್ಪ ಮಗುವಿನಂತೆ ಖುಷಿಪಟ್ಟರು. ನಿಮ್ಮ ಪುಸ್ತಿಕೆಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದ್ದು ಆವತ್ತೇ.

ಸೋಮವಾರ, ನವೆಂಬರ್ 10ರಂದು ತಾಂಜಾವಾ ಬೆಟ್ಟಸಾಲು. ಟೋಕಿಯೊದ ಶಿಂಜುಕುವಿನಿಂದ ರೈಲಿನಲ್ಲಿ ಹದಾನೊ ನಿಲ್ದಾಣಕ್ಕೆ ಹೋಗಿ, ಬೆಳಗ್ಗೆ ಒಂಬತ್ತರ ಸುಮಾರಿನ ಬಸ್ಸು ಹಿಡಿದು ಯಾಬಿತ್ಸು ಕಣಿವೆಮಾರ್ಗದಲ್ಲಿ ಇಳಿಯಬೇಕು. ಅಲ್ಲಿಂದ ಬೆಟ್ಟದ ಏಣಿನ (ಉದ್ದನೆಯ ನೆತ್ತಿಯ) ಮೇಲೆ ನಡೆದು 1,491 ಮೀಟರಿನ ತೋನೊದಾಕೆ ಹತ್ತಿ, ಆಚೆ ಬದಿಯ ಓಕುರಾಕ್ಕೆ ಇಳಿಯಬೇಕು. ನೀವು ಬರೆದಿದ್ದು ಇದು. ನಾವು ಕಾಲು ಗಂಟೆ ಮೊದಲೇ ಸ್ಟಾಪಿನಲ್ಲಿ ನಿಂತೆವು. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಹೊತ್ತಾಯಿತು, ಬಸ್ಸು ಬರಲಿಲ್ಲ. ಜಪಾನಿನಲ್ಲಿ ಬಸ್ಸು ಬರಲಿಲ್ಲ ಎಂದರೆ ತಪ್ಪು ನಮ್ಮದೇ ಇರಬೇಕು ಎಂದುಕೊಂಡು ಅಪ್ಪ ಸ್ಟಾಪಿನ ಹಲಗೆಯ ಹತ್ತಿರ ಹೋದರು. ಅವರಿಗೆ ಜಪಾನಿ ಒಂದಕ್ಷರ ಬಾರದು. ಆದರೆ ವೇಳಾಪಟ್ಟಿ ಓದಲು ಬರುತ್ತದಲ್ವಾ! ಒಂದೇ ಹಲಗೆಯಲ್ಲಿ ಎರಡು ಕಾಲಂ ಇದೆ, ಒಂದರಲ್ಲಿ ಬಸ್ಸು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ, ನಮ್ಮ ಬಸ್ಸು ಜಾಸ್ತಿ ಇರುವ ಕಡೆ ಮಾತ್ರ ಇದೆ ಎಂದು ಅವರೇ ತೋರಿಸಿದರು. ಬೆಟ್ಟದ ಬೂಟು ಹಾಕಿದ್ದ ಹಿರಿಯರೊಬ್ಬರು ಬಂದು ವಿಷಯ ಬಿಡಿಸಿ ಹೇಳಿದರು. ಒಂದು ಕಾಲಂ ವಾರದ ದಿನಗಳಿಗೆ, ಇನ್ನೊಂದು ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಿಗೆ. ವಾರದ ದಿನ ಯಾಬಿತ್ಸುವಿಗೆ ಹೋಗುವ ಬೆಳಗಿನ ಬಸ್ಸು ಆಗಲೇ ಹೊರಟುಹೋಗಿತ್ತು. ಮುಂದಿನದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕಿತ್ತು.

ಅಂದರೆ ನೀವು ರಜಾದಿನದ ಕಾಲಂ ನೋಡಿ ಸೋಮವಾರಕ್ಕೆ ಪ್ಲ್ಯಾನ್ ಬರೆದಿದ್ದೀರಿ. ಶನಿವಾರದ ಮಿತಾಕೆ ಸರಿಹೋಗಿದ್ದು ಅದು ಶನಿವಾರ ಆಗಿದ್ದರಿಂದ ಮಾತ್ರ.

ಇದಕ್ಕಿಂತ ಹೆದರಿಕೆಯ ವಿಷಯ ನನಗೆ ಹೊಳೆದಿದ್ದು ರಾತ್ರಿ ರೂಮಿನಲ್ಲಿ ಕೂತು ಲೆಕ್ಕ ಹಾಕಿದಾಗ. ಆ ಬಸ್ಸು ಬಂದಿದ್ದರೂ ನಾವು ನಡಿಗೆ ಶುರು ಮಾಡುವಾಗ ಹತ್ತು ಗಂಟೆ ಆಗುತ್ತಿತ್ತು. ಯಾಬಿತ್ಸುವಿನಿಂದ ತೋನೊದಾಕೆ ದಾಟಿ ಓಕುರಾ ತಲುಪಲು ಬರೀ ನಡಿಗೆಗೇ ಸುಮಾರು 7 ಗಂಟೆ ಬೇಕು. ಊಟ, ವಿಶ್ರಾಂತಿ ಬೇರೆ. ನವೆಂಬರ್ ನಡುವಿನಲ್ಲಿ ಅಲ್ಲಿ ನಾಲ್ಕೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ತೋನೊದಾಕೆಯಿಂದ ಓಕುರಾಕ್ಕೆ ಸುಮಾರು 1,200 ಮೀಟರ್ ಇಳಿಯಬೇಕು, ಕಲ್ಲು ಮತ್ತು ಮರದ ಮೆಟ್ಟಿಲುಗಳ ಕಡಿದಾದ ದಾರಿ. 66 ವರ್ಷದ ಮನುಷ್ಯನನ್ನು ಆ ಇಳಿಜಾರಿಗೆ ಕತ್ತಲಲ್ಲಿ ಕಳಿಸುವ ಪ್ಲ್ಯಾನ್ ಇದು. ನೀವು ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ತಲೆಗೆ ಕಟ್ಟುವ ಟಾರ್ಚೂ ಇರಲಿಲ್ಲ. ಬಸ್ಸು ತಪ್ಪಿದ್ದೇ ಒಳ್ಳೆಯದಾಯಿತು ಎಂದು ಈಗಲೂ ಅನಿಸುತ್ತದೆ. ಹಾಗೆ ಅನಿಸುವಂತಹ ಪ್ಲ್ಯಾನನ್ನು ಯಾರೂ ಮಾರಬಾರದು.

ಆ ಹಿರಿಯರು ನಮ್ಮನ್ನು ಸುಮ್ನೆ ವಾಪಸ್ ಕಳಿಸಲಿಲ್ಲ. ಮುಂದಿನ ಸ್ಟೇಷನ್ ಶಿಬುಸಾವಾಗೆ ಹೋಗಿ, ಅಲ್ಲಿಂದ ಓಕುರಾಕ್ಕೆ ಕಾಲು ಗಂಟೆಯ ಬಸ್ಸಿದೆ, ಅದು ಆಗಾಗ ಸಿಗುತ್ತದೆ, ಓಕುರಾ ಏಣಿನಲ್ಲಿ ಆದಷ್ಟು ದೂರ ಹತ್ತಿ ಅದೇ ದಾರಿಯಲ್ಲಿ ಇಳಿಯಿರಿ ಎಂದರು. ದಾರಿಯ ಶುರುವಿನಲ್ಲಿರುವ ಪೆಟ್ಟಿಗೆಗೆ ನಮ್ಮ ಹೆಸರು, ದಾರಿ, ವಾಪಸಾಗುವ ಹೊತ್ತು ಬರೆದ ಚೀಟಿ ಹಾಕಲು ಹೇಳಿದ್ದೂ ಅವರೇ. ಯಾರಾದರೂ ವಾಪಸ್ ಬರದಿದ್ದರೆ ಹುಡುಕಲು ಸಹಾಯವಾಗುವ ಚೀಟಿ ಅದು. ನಿಮ್ಮ ಪುಸ್ತಿಕೆಯಲ್ಲಿ ಅದರ ಸುದ್ದಿಯೇ ಇಲ್ಲ. ಕರಡಿಯ ಬಗ್ಗೆಯೂ ಇಲ್ಲ. ಈ ವರ್ಷ ಜಪಾನಿನಲ್ಲಿ ಕರಡಿ ದಾಳಿಯದೇ ಸುದ್ದಿ, ಜನ ಬ್ಯಾಗಿಗೆ ಗಂಟೆ ಕಟ್ಟಿಕೊಂಡು ನಡೆಯುತ್ತಿದ್ದರು. ತಾಂಜಾವಾದಲ್ಲಿ ಮಳೆಗಾಲಕ್ಕೆ ನಮ್ಮ ಮಲೆನಾಡಿನಂತೆಯೇ ಉಂಬಳಗಳ ಕಾಟವಂತೆ. ಜೂನಿನಲ್ಲಿ ಇದೇ ಪುಸ್ತಿಕೆ ಹಿಡಿದು ಹೋಗುವವರಿಗೆ ಅದನ್ನಾದರೂ ತಿಳಿಸಿ.

ಇನ್ನು ಕಾಮಿಕೋಚಿ. ಅಪ್ಪನಿಗೆ ಇಡೀ ಪ್ರವಾಸದಲ್ಲಿ ನೋಡಬೇಕಿದ್ದ ಒಂದೇ ಜಾಗ ಅದು. 1,500 ಮೀಟರ್ ಎತ್ತರದ ಆ ಕಣಿವೆಗೆ 1975ರಿಂದ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ಬಸ್ಸು ಅಥವಾ ಟ್ಯಾಕ್ಸಿಯಲ್ಲೇ ಹೋಗಬೇಕು. ಒಂದು ಇಡೀ ಕಣಿವೆಯನ್ನು ಬಸ್ಸಿಗೆ ಬಿಟ್ಟುಕೊಟ್ಟಿದ್ದಾರಲ್ಲ ಎಂದು ಅಪ್ಪ ಮನೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು, ಅದರ ಕೆಸರು ನದಿಗೆ ಅಡ್ಡ ಬಿದ್ದು ಹುಟ್ಟಿದ ತೈಶೋ ಕೆರೆಯ ಚಿತ್ರ ಅವರ ಫೋನಿನ ವಾಲ್‌ಪೇಪರ್ ಆಗಿತ್ತು. ನೀವು ಅದಕ್ಕೆ ಕೊಟ್ಟ ದಿನ ನವೆಂಬರ್ 17.

ಅದಕ್ಕಾಗಿ ಉಳಿದುಕೊಂಡಿದ್ದ ಮತ್ಸುಮೊತೊ ಊರಿನ ಹೋಟೆಲಿನಲ್ಲಿ 16ರ ಸಂಜೆ ಬೆಳಗಿನ ಬಸ್ಸಿನ ಬಗ್ಗೆ ಕೇಳಿದೆ. ಕೌಂಟರಿನ ಹುಡುಗಿ ಎರಡು ಸಲ ಕ್ಷಮೆ ಕೇಳಿ ಹೇಳಿದಳು: ಕಾಮಿಕೋಚಿ ನಿನ್ನೆಯೇ ಮುಚ್ಚಿತು. ಪ್ರತಿ ವರ್ಷ ನವೆಂಬರ್ 15ಕ್ಕೆ ಅಲ್ಲಿ ಸೀಸನ್ ಮುಗಿಯುತ್ತದೆ. ಆಮೇಲೆ ಏಪ್ರಿಲ್ ನಡುವಿನವರೆಗೆ ಬಸ್ಸಿಲ್ಲ. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಇಡೀ ರೂಮಿನಲ್ಲೇ ಇದ್ದರು.

ನಾವು ಅಲ್ಲಿದ್ದದ್ದು 12 ದಿನ. ಕಾಮಿಕೋಚಿಯನ್ನು ಮೊದಲ ವಾರಕ್ಕೆ ಹಾಕಿ ಮಿತಾಕೆಯನ್ನು ಎರಡನೇ ವಾರಕ್ಕೆ ತಳ್ಳಿದ್ದರೆ ಸಾಕಿತ್ತು. ಒಂದು ರೂಪಾಯಿಯೂ ಜಾಸ್ತಿ ಖರ್ಚಾಗುತ್ತಿರಲಿಲ್ಲ.

ನವೆಂಬರ್ 21ರಂದು ಫೋನ್ ಮಾಡಿದಾಗ, ಜಪಾನಿನ ಬಸ್ ವೇಳೆ ಬದಲಾಗುತ್ತಿರುತ್ತದೆ, ಅದಕ್ಕೆ ನಾವು ಹೊಣೆಯಲ್ಲ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಬದಲಾಗುವುದು ನಿಜ. ಅಲ್ಲಿ ಚಾಲಕರ ಕೊರತೆ ಇದೆ, 2024ರ ಏಪ್ರಿಲ್‌ನಿಂದ ಚಾಲಕರ ಓವರ್‌ಟೈಮಿಗೆ ಮಿತಿ ಬಂದಿದೆ, ಹಳ್ಳಿ ರೂಟುಗಳು ಕಡಿಮೆಯಾಗುತ್ತಿವೆ. ಒಸಾಕಾ ಕಡೆ ಕೊಂಗೊ ಬೆಟ್ಟದ ತಪ್ಪಲಿನ ಊರುಗಳಿಗೆ ಓಡುತ್ತಿದ್ದ ಒಂದು ಬಸ್ ಕಂಪನಿ 2023ರ ಡಿಸೆಂಬರಿನಲ್ಲಿ ಎಲ್ಲಾ ರೂಟು ನಿಲ್ಲಿಸಿತು. ಹಾಗಿದ್ದ ಮೇಲೆ ಪ್ರತಿ ಬುಕಿಂಗಿಗೂ ಹೊಸದಾಗಿ ನೋಡಬೇಕಾದವರು ನೀವೇ ಅಲ್ವಾ? ಅದೂ ಅಲ್ಲದೆ ನಮಗಾದ ತೊಂದರೆಗೆ ಬದಲಾವಣೆ ಕಾರಣವೇ ಅಲ್ಲ. ಸೋಮವಾರ ರಜಾದಿನವಾಗಿ ಬದಲಾಗಿರಲಿಲ್ಲ. ನವೆಂಬರ್ 15 ಪ್ರತಿ ವರ್ಷ ಅದೇ ದಿನ. ‘ನೀವೇ ಒಮ್ಮೆ ನೋಡಿಕೊಳ್ಳಬಹುದಿತ್ತು’ ಎಂದೂ ಅವರು ಹೇಳಿದರು. ನೋಡಿಕೊಡುವ ಕೆಲಸಕ್ಕೇ ನಾನು ನಿಮಗೆ ದುಡ್ಡು ಕೊಟ್ಟಿದ್ದು.

ನನಗೆ ಬೇಕಾಗಿರುವುದು ಇಷ್ಟು. ಪ್ಲ್ಯಾನಿಗೆ ಕಟ್ಟಿದ ಪೂರ್ತಿ ಹಣ ಮತ್ತು ಮತ್ಸುಮೊತೊದ ಎರಡು ರಾತ್ರಿಯ ಹೋಟೆಲ್ ಖರ್ಚು ವಾಪಸ್ ಕೊಡಿ. ತಾಂಜಾವಾ ಪುಟವನ್ನು ಇವತ್ತೇ ತೆಗೆಯಿರಿ. ಅದನ್ನು ಹೊಸದಾಗಿ ಬರೆಯುವಾಗ ವಾರದ ದಿನ, ರಜಾದಿನ ಎರಡರ ವೇಳೆಯನ್ನೂ, ಕೊನೆಯ ಬಸ್ಸನ್ನೂ, ಸೂರ್ಯ ಮುಳುಗುವ ಹೊತ್ತನ್ನೂ ಹಾಕಿ. ಮತ್ತು ಇದೇ ಪುಸ್ತಿಕೆ ಕೊಂಡು ಇನ್ನೂ ಹೊರಡದೆ ಇರುವ ಎಲ್ಲರಿಗೂ ಫೋನ್ ಮಾಡಿ ತಿಳಿಸಿ. ಹಣಕ್ಕಿಂತ ಮೊದಲು ಈ ಕೊನೆಯ ಕೆಲಸ ಆಗಲಿ.

15 ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಮೇಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಪುಸ್ತಿಕೆಯ ಪುಟಗಳು, ಹದಾನೊ ಸ್ಟಾಪಿನ ಹಲಗೆಯ ಫೋಟೊ ಮತ್ತು ಹೋಟೆಲ್ ರಸೀದಿ ಜೊತೆಗಿವೆ. ಫೋಟೊದಲ್ಲಿ ಯಾವ ಕಾಲಂ ಯಾವುದಕ್ಕೆ ಎಂದು ಅಪ್ಪ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ