ಮಗಳಿಗೊಂದು ಪತ್ರ: ನಮ್ಮ ಮಳೆಯ ಲೆಕ್ಕ ಹಿಡಿದುಕೊಂಡೇ ಹೋಗು

ಪ್ರೀತಿಯ ಮಗಳೇ,

ನೀನು ಕಳಿಸಿದ ಎರಡೂ ವಾಸ್ತುಶಿಲ್ಪ ಕೋರ್ಸುಗಳ ವಿವರ ಓದಿದೆ. ಒಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ್ದು, ಇನ್ನೊಂದು ಸ್ಪೇನಿನ ಬಾರ್ಸಿಲೋನಾದ ಐಎಎಸಿ ಎಂಬ ವಾಸ್ತುಶಿಲ್ಪ ಸಂಸ್ಥೆಯದು. ರೋಬೋಟು, ಕಂಪ್ಯೂಟರಿನಲ್ಲಿ ಕೊರೆಯುವ ಯಂತ್ರ ಎಲ್ಲ ಎರಡೂ ಕಡೆ ಇವೆ. ನನ್ನ ಮನಸ್ಸು ಮಾತ್ರ ಬಾರ್ಸಿಲೋನಾದ ಕಡೆಗೇ ವಾಲುತ್ತಿದೆ.

ಅವರ ವಾಲ್ಡೌರಾ ಕ್ಯಾಂಪಸ್ ಇರುವುದು ಕೊಲ್ಸೆರೋಲಾ ಬೆಟ್ಟದ ಕಾಡಿನಲ್ಲಿ. 2020ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ವೋಕ್ಸೆಲ್ ಅಂತ 12 ಚದರ ಮೀಟರಿನ ಪುಟ್ಟ ಮನೆ ಕಟ್ಟಿದರು. ಒಂದು ಕಿಲೋಮೀಟರ್ ಒಳಗಿನ ಪೈನ್ ಮರವನ್ನೇ ಬಳಸಿದರು. ಯಾವ ಹಲಗೆ ಕಾಡಿನ ಯಾವ ಜಾಗದ್ದು ಅಂತ ಲೆಕ್ಕ ಇಟ್ಟರು. ಉಡುಪಿಯಲ್ಲಿ ಇಷ್ಟು ವರ್ಷ ಮನೆ ಕಟ್ಟಿಸಿದ ನನಗೆ ಇದು ಬಹಳ ದೊಡ್ಡ ವಿಷಯ. ಕೆಂಪುಕಲ್ಲು ಯಾವ ಕೋರೆಯದ್ದು, ಛಾವಣಿಯ ಪಕ್ಕಾಸಿನ ಮರ ಯಾರ ತೋಟದ್ದು ಅಂತ ನಮ್ಮ ಹಿರಿಯರಿಗೂ ಗೊತ್ತಿರುತ್ತಿತ್ತು. ಈಗ ಎಲ್ಲ ಲಾರಿಯಲ್ಲಿ ಬಂದು ಬೀಳುತ್ತದೆ, ಯಾರೂ ಕೇಳುವುದಿಲ್ಲ.

ಹಾಗಂತ ಜ್ಯೂರಿಕ್ ಕಡಿಮೆ ಅಲ್ಲ. ಅವರು ಕಮಾನಿನ ಆಕಾರದ ತೆಳು ಸ್ಲಾಬು ಮಾಡಿದ್ದಾರಲ್ಲ, ಅದನ್ನು ನೋಡಿ ತುಂಬ ಖುಷಿಯಾಯಿತು. ಮಾಮೂಲಿ ಸ್ಲಾಬಿನ ಅಡಿಭಾಗದ ಕಾಂಕ್ರೀಟು ಭಾರ ಹೊರುವುದೇ ಇಲ್ಲ. ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಅದೇ ಜಾಗಕ್ಕೆ ಹಂಚು ಇಟ್ಟು ಕಾಂಕ್ರೀಟು ಉಳಿಸಿದರು. ಜ್ಯೂರಿಕ್‌ನವರು ಸ್ಲಾಬಿನ ಆಕಾರವನ್ನೇ ಬದಲಿಸಿ ಉಳಿಸುತ್ತಿದ್ದಾರೆ. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 8 ಸಿಮೆಂಟಿನದ್ದು. ಒಂದೊಂದು ಚೀಲ ಉಳಿದರೂ ಅದು ಸಣ್ಣದಲ್ಲ.

ಆದರೆ ಒಂದು ಮಾತು ಮರೆಯಬೇಡ. ಅದೇ ವಾಲ್ಡೌರಾದಲ್ಲಿ 2022ರಲ್ಲಿ ತ್ರೀಡಿ ಪ್ರಿಂಟರಿನಿಂದ ಮಣ್ಣಿನ ಗೋಡೆ ಎಬ್ಬಿಸಿದರು. ಟೋವಾ ಅಂತ ಹೆಸರು. ಮಣ್ಣು 50 ಮೀಟರ್ ಒಳಗಿನದ್ದೇ. ನೀರು ತಡೆಯಲು ಲೋಳೆಸರ, ಮೊಟ್ಟೆಯ ಬಿಳಿ ಸೇರಿಸಿದ ಲೇಪ. ನಮ್ಮಲ್ಲಿ ಗಾರೆಗೆ ಬೆಲ್ಲ ಹಾಕುತ್ತಿದ್ದರಲ್ಲ, ಅದೇ ಜಾಣ್ಮೆ. ಚೆನ್ನಾಗಿದೆ. ಆದರೆ ಬಾರ್ಸಿಲೋನಾಕ್ಕೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ನಮಗೆ ಸುಮಾರು 4,000! ಅದೂ ಗಾಳಿ ಜೊತೆ, ಓರೆಯಾಗಿ. ಇಲ್ಲಿ ಗೋಡೆಯನ್ನು ಕಾಯುವುದು ಲೇಪ ಅಲ್ಲ, ಮುಂದಕ್ಕೆ ಚಾಚಿದ ಮಾಡು, ಅಂದರೆ ಛಾವಣಿ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಮಾಡಿಗೆ ಒಳ್ಳೆಯ ಹೊದಿಕೆ ಸಿಕ್ಕಿತು. ಯಂತ್ರ ಎಷ್ಟು ಹೊಸದಾದರೂ ನೀನು ಮೊದಲು ಮಾಡನ್ನು ಯೋಚಿಸು, ಗೋಡೆ ಆಮೇಲೆ.

ಫೀಸಿನ ಚಿಂತೆ ನನಗೆ ಬಿಡು. ಬ್ಯಾಂಕಿನಲ್ಲಿ ಮಾತಾಡಿದ್ದೇನೆ.

ಇಂಟರ್‌ವ್ಯೂನಲ್ಲಿ ಸುಮ್ನೆ ಉತ್ತರ ಕೊಟ್ಟು ಬರಬೇಡ, ನೀನೂ ಕೇಳು. ಕೋರೆಯಲ್ಲಿ ಕೆಂಪುಕಲ್ಲು ಕೊಯ್ಯುವಾಗ ಪುಡಿ ರಾಶಿ ಬೀಳುತ್ತದೆ, ಜಾಸ್ತಿ ಭಾಗ ಹಾಗೇ ವ್ಯರ್ಥ. ಅದಕ್ಕೆ ಸುಣ್ಣ ಬೆರೆಸಿ ಪ್ರಿಂಟ್ ಮಾಡಬಹುದಾ? ಕೊನೆಯ ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಲು ಅವರು ಬಿಡುತ್ತಾರಾ? ಹೌದು ಅಂದರೆ ಕೂಡಲೇ ಫೋನ್ ಮಾಡು. ಮೂರ್ನಾಲ್ಕು ಕೋರೆಯ ಪುಡಿ ಬೇರೆ ಬೇರೆ ಚೀಲದಲ್ಲಿ ತುಂಬಿಸಿ, ಹೆಸರು ಬರೆದು ಇಡುತ್ತೇನೆ. ಮಾದರಿ ಗೋಡೆ ತಯಾರಾದರೆ ನಮ್ಮ ಹಿತ್ತಿಲಲ್ಲೇ ಒಂದು ಮಳೆಗಾಲ ನಿಲ್ಲಿಸಿ ನೋಡೋಣ.

ನಿನ್ನ ಅಪ್ಪ