‘ಜಾಗ ಇಲ್ಲ’ ಅನ್ನೋದು ಕಾಯಿಲೆ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರದ ಕಾಲಂನಲ್ಲಿ ಒಬ್ಬರು ಬರೆದಿದ್ರು, ಹಿಡಿದು ತಂದ ನಾಯಿಗಳನ್ನ ಶೆಲ್ಟರ್‌ನಲ್ಲಿ ಎಷ್ಟು ದಿನ ಅಂತ ಸಾಕ್ತೀರ, ಯಾರೂ ಕೇಳ್ಕೊಂಡು ಬರ್ಲಿಲ್ಲ ಅಂದ್ರೆ ಒಂದು ಇಂಜೆಕ್ಷನ್ ಕೊಟ್ಟು ದಯಾಮರಣ ಮಾಡ್ಸಿ, ಮುಂದುವರಿದ ದೇಶದವರೆಲ್ಲ ಮಾಡೋದು ಅದನ್ನೇ ಅಂತ. ಬರೆದವರ ಮೇಲೆ ನಂಗೆ ಕೋಪ ಇಲ್ಲ, ಅವರ ಮನೇಲಿ ಯಾರಿಗಾದ್ರೂ ನಾಯಿ ಕಚ್ಚಿರಬಹುದು, ಆ ಭಯ ಸುಳ್ಳಲ್ಲ. ಆದ್ರೆ ‘ಮುಂದುವರಿದ ದೇಶ’ ಅನ್ನೋ ಮಾತಿಗೆ ಉತ್ತರ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಅದನ್ನ ನಾನು ಹತ್ತಿರದಿಂದ ನೋಡಿದೀನಿ, ನೋಡಿದ್ಮೇಲೆ ಸುಮಾರು ದಿನ ನಿದ್ದೆ ಕೆಡಿಸ್ಕೊಂಡಿದೀನಿ.

ಕೆಲಸದ ಮೇಲೆ ಅಮೆರಿಕದಲ್ಲಿದ್ದ ಎರಡು ವರ್ಷ, ಶನಿವಾರ ಶನಿವಾರ ಅಲ್ಲಿನ ಒಂದು ಸರ್ಕಾರಿ ಶೆಲ್ಟರ್‌ಗೆ ವಾಲಂಟಿಯರ್ ಆಗಿ ಹೋಗ್ತಿದ್ದೆ. ದೊಡ್ಡ ಕೆಲಸ ಏನಲ್ಲ, ನಾಯಿಗಳನ್ನ ಹೊರಗೆ ಓಡಾಡ್ಸೋದು, ಗೂಡು ತೊಳೆಯೋದು, ಬಟ್ಟಲು ತೊಳೆಯೋದು. ಒಂದೊಂದು ಗೂಡಿನ ಬಾಗಿಲಿಗೂ ಒಂದೊಂದು ಕಾರ್ಡ್ ನೇತಾಡ್ತಿರುತ್ತೆ, ಬಂದ ತಾರೀಖು, ಎಲ್ಲಿ ಸಿಕ್ತು, ಗಂಡೋ ಹೆಣ್ಣೋ, ಅಂದಾಜು ವಯಸ್ಸು. ಹದಿನಾಲ್ಕನೇ ಗೂಡಲ್ಲಿ ಒಂದು ಕಂದು ಬಣ್ಣದ ಹೆಣ್ಣು ನಾಯಿ ಇತ್ತು. ಮೊದಲನೇ ವಾರ ಹೋದಾಗ ಮೂಲೆಯಿಂದ ಅಲ್ಲಾಡ್ಲಿಲ್ಲ, ಗೋಡೆ ಕಡೆ ಮುಖ ಮಾಡ್ಕೊಂಡು ನಡುಗ್ತಿತ್ತು. ಎರಡನೇ ವಾರ ನನ್ನ ಶೂ ಮೂಸಿ ನೋಡ್ತು. ಮೂರನೇ ವಾರ ಹೋದ್ರೆ ಕಾರ್ಡ್ ಇರ್ಲಿಲ್ಲ. ಯಾರೋ ಕರ್ಕೊಂಡು ಹೋದ್ರೇನೋ ಅಂತ ಖುಷಿಯಿಂದ ಕೇಳಿದೆ, ಅಲ್ಲಿದ್ದ ಹುಡುಗಿ ಮಾತಾಡದೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿದ್ಲು. ‘ಕಾರಣ’ ಅಂತ ಒಂದು ಕಾಲಂ. ಅದರಲ್ಲಿ ಒಂದೇ ಪದ, ‘ಜಾಗ’.

ಕಾಯಿಲೆ ಅಲ್ಲ, ಗಾಯ ಅಲ್ಲ, ಯಾರನ್ನೂ ಕಚ್ಚಿರ್ಲಿಲ್ಲ, ಜಾಗ ಅಂತೆ. ನಾನು ಆವತ್ತು ಸಾಲಾಗಿ ಗೂಡು ತೊಳ್ಕೊಂಡು ಬರ್ತಾ ಎಣಿಸಿದೆ, ಆರು ಗೂಡು ಖಾಲಿ ಇದ್ವು. ಕೇಳಿದ್ದಕ್ಕೆ, ಸೋಮವಾರ ಹೊಸ ನಾಯಿಗಳು ಬರುತ್ವೆ, ಅದಕ್ಕೆ ಮೊದ್ಲೇ ಖಾಲಿ ಮಾಡಿಟ್ಕೊಂಡಿರ್ತೀವಿ ಅಂದ್ರು. ಅಂದ್ರೆ ಇನ್ನೂ ಬರದೇ ಇರೋ ನಾಯಿಗೋಸ್ಕರ ಇರೋ ನಾಯಿ ಹೋಯ್ತು.

ಇದು ನಾನು ನೋಡಿದ ಒಂದು ಶೆಲ್ಟರ್ ಕಥೆ ಮಾತ್ರ ಅಂತ ಮೊದ್ಲು ಅಂದ್ಕೊಂಡಿದ್ದೆ, ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು. ಟೆಕ್ಸಸ್‌ನ ಆಸ್ಟಿನ್ ನಗರದ ಕೌನ್ಸಿಲ್ 2010ರಲ್ಲಿ ಒಂದು ನಿರ್ಣಯ ಮಾಡ್ತು, ಅದರಲ್ಲಿ ಒಂದು ಅಂಶ ಏನಪ್ಪ ಅಂದ್ರೆ, ಗೂಡು ಖಾಲಿ ಇರೋವಾಗ ಆರೋಗ್ಯವಾಗಿರೋ, ದತ್ತು ಕೊಡಬಹುದಾದ ಪ್ರಾಣಿಗಳನ್ನ ಸಾಯಿಸಬಾರದು ಅಂತ. ಓದಿ ಒಂದು ನಿಮಿಷ ಸುಮ್ನೆ ಕೂತ್ಕೊಂಡೆ. ಇಷ್ಟು ಚಿಕ್ಕ ವಿಷಯನ ಒಂದು ನಗರದ ಕೌನ್ಸಿಲ್ ಕೂತು ನಿರ್ಣಯ ಮಾಡ್ಬೇಕಾಯ್ತಲ್ಲ! ಆದ್ರೆ ಅಲ್ಲಿ ಬರೀ ನಿರ್ಣಯ ಮಾಡಿ ಬಿಡ್ಲಿಲ್ಲ, ತಾತ್ಕಾಲಿಕವಾಗಿ ಸಾಕೋ ಮನೆಗಳು, ಹಾಲು ಕುಡಿಯೋ ಮರಿಗಳಿಗೆ ಬೇರೆ ಆರೈಕೆ, ದತ್ತು ಕೊಡೋ ಕೆಲಸ ಹೊರಗಡೆ ಜನ ಇರೋ ಕಡೆಗೇ ತಗೊಂಡು ಹೋಗೋದು, ಇದನ್ನೆಲ್ಲ ಮಾಡಿದ್ರು, ಒಂದೇ ವರ್ಷದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪ್ರಾಣಿ ಜೀವಂತವಾಗಿ ಹೊರಗೆ ಹೋಗೋ ಮಟ್ಟಕ್ಕೆ ಬಂದ್ರು. ಅದಕ್ಕೂ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಅಲ್ಲಿನ ಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆ ನಗರದ ಸರ್ಕಾರಿ ಶೆಲ್ಟರ್ ಜೊತೆ ಒಂದು ಒಪ್ಪಂದ ಮಾಡ್ಕೊಂಡಿತ್ತು, ದತ್ತು ಕೊಡಬಹುದಾದ ನಾಯಿ ಬೆಕ್ಕು ಯಾವುದೇ ಇರ್ಲಿ, ನಿಮಗೆ ಮನೆ ಹುಡುಕೋಕೆ ಆಗ್ಲಿಲ್ಲ ಅಂದ್ರೆ ನಮಗೆ ಕೊಡಿ, ಸಾಯಿಸ್ಬೇಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ ನಾಯಿ ಸಾಕಿದವರು ಹುಡುಕ್ಕೊಂಡು ಬರ್ತಾರೇನೋ ಅಂತ ಮೊದಲು ಬರೀ 72 ಗಂಟೆ ಕಾಯ್ತಿದ್ರು, ಮೂರೇ ದಿನ, 1998ರ ಕಾನೂನು ಬಂದ್ಮೇಲೆ ಅದು ಹೆಚ್ಚಾಯ್ತು. ನಾಯಿ ಕಳ್ಕೊಂಡವರು ಅಕ್ಕಪಕ್ಕ ಹುಡುಕಿ, ಪೋಸ್ಟರ್ ಅಂಟಿಸಿ, ಶೆಲ್ಟರ್ ಅಂತ ಒಂದಿದೆ ಅನ್ನೋದು ನೆನಪಾಗೋ ಹೊತ್ತಿಗೇ ಮೂರು ದಿನ ಆಗೋಗಿರುತ್ತೆ ಸಾರ್, ಊರಿಗೆ ಹೋಗಿದ್ದವರ ನಾಯಿ ತಪ್ಪಿಸ್ಕೊಂಡಿದ್ರಂತೂ ಕೇಳೋದೇ ಬೇಡ.

ಅಮೆರಿಕದ ಎಎಸ್‌ಪಿಸಿಎ ಅನ್ನೋ ರಾಷ್ಟ್ರಮಟ್ಟದ ಪ್ರಾಣಿದಯಾ ಸಂಸ್ಥೆಯ ಅಂದಾಜಿನ ಪ್ರಕಾರ ಅಲ್ಲಿನ ಶೆಲ್ಟರ್‌ಗಳಲ್ಲಿ 2011ರಲ್ಲಿ ಸುಮಾರು 26 ಲಕ್ಷ ನಾಯಿ ಬೆಕ್ಕು ಸಾಯಿಸ್ತಿದ್ರು, 2019ರ ಹೊತ್ತಿಗೆ ಅದು 9.2 ಲಕ್ಷಕ್ಕೆ ಇಳೀತು, ಅದರಲ್ಲಿ ನಾಯಿಗಳು 3.9 ಲಕ್ಷ. ಇನ್ನೂ ಭಯಂಕರ ಸಂಖ್ಯೆನೇ. ಆದ್ರೆ ನಮ್ಮ ಓದುಗರು ಯಾವುದನ್ನ ಮಾದರಿ ಅಂತ ತೋರಿಸಿದ್ರೋ, ಆ ದೇಶದವರೇ ಅದನ್ನ ಬಿಡೋಕೆ ಒದ್ದಾಡ್ತಿದಾರೆ ಅನ್ನೋದು ಗೊತ್ತಾಗ್ಲಿ.

ಇಳಿದಿದ್ದು ಹೇಗೆ ಅಂತ ಕೇಳಿದ್ರೆ ಎಲ್ಲರೂ ಪ್ರೀತಿ, ಕರುಣೆ ಅಂತಾರೆ. ನನ್ನ ಕೇಳಿದ್ರೆ ಲೆಕ್ಕ ಬರೆದಿದ್ದು ಅಂತೀನಿ. 2004ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್ ಅನ್ನೋ ಜಾಗದಲ್ಲಿ ಬೇರೆ ಬೇರೆ ಪ್ರಾಣಿ ಸಂಸ್ಥೆಯವರು, ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗದವರೂ ಸೇರಿ, ಕೂತು ಒಂದು ಒಪ್ಪಂದಕ್ಕೆ ಬಂದ್ರು. ಶೆಲ್ಟರ್‌ಗೆ ಬಂದ ಪ್ರಾಣಿನ ಆರೋಗ್ಯವಾಗಿದೆಯಾ, ಚಿಕಿತ್ಸೆಯಿಂದ ಸರಿ ಹೋಗುತ್ತಾ, ಅಥವಾ ಏನು ಮಾಡಿದ್ರೂ ಸರಿ ಹೋಗಲ್ವಾ ಅಂತ ವಿಂಗಡಿಸಿ ಬರೀಬೇಕು, ಎಷ್ಟು ಬಂತು, ಎಷ್ಟು ಹೊರಗೆ ಹೋಯ್ತು, ಎಷ್ಟು ಸತ್ತೋಯ್ತು ಅಂತ ಎಲ್ಲರೂ ಒಂದೇ ಥರ ಲೆಕ್ಕ ಇಡಬೇಕು ಅಂತ. ಅಲ್ಲಿವರೆಗೆ ಎಲ್ಲವನ್ನೂ ‘ದಯಾಮರಣ’ ಅನ್ನೋ ಒಂದೇ ಚೀಲಕ್ಕೆ ಹಾಕ್ತಿದ್ರು. ಲಾರಿ ಕೆಳಗೆ ಸಿಕ್ಕಿ ಸೊಂಟ ಮುರ್ಕೊಂಡು ನರಳ್ತಿರೋ ನಾಯಿಗೆ ಕೊಡೋ ಇಂಜೆಕ್ಷನ್ನೂ ಅದೇ, ಬಾಲ ಅಲ್ಲಾಡಿಸ್ಕೊಂಡು ಬಂದ ಒಂದು ವರ್ಷದ ನಾಯಿಗೆ ಕೊಡೋ ಇಂಜೆಕ್ಷನ್ನೂ ಅದೇ, ಹೆಸರೂ ಅದೇ. ಮೊದಲನೇದಕ್ಕೆ ಆ ಹೆಸರು ಸರಿಯಾಗಿದೆ, ನಾನೇ ಪಕ್ಕದಲ್ಲಿ ನಿಂತು ತಲೆ ಸವರಿದೀನಿ, ನೋವು ನಿಂತ ಕ್ಷಣ ಮುಖದಲ್ಲಿ ಗೊತ್ತಾಗುತ್ತೆ. ಎರಡನೇದನ್ನ ಆ ಹೆಸರಿಂದ ಕರೆದ್ರೆ ನಾಲಿಗೆ ಹೊರಳಲ್ಲ.

ಇನ್ನು ‘ಸ್ವಭಾವ ಸರಿ ಇಲ್ಲ’ ಅನ್ನೋ ಕಾರಣ. ಇದು ‘ಜಾಗ’ಕ್ಕಿಂತ ಮೋಸದ್ದು, ಯಾಕಂದ್ರೆ ಕೇಳೋಕೆ ವೈಜ್ಞಾನಿಕವಾಗಿ ಇರುತ್ತೆ. ಉದ್ದ ಕೋಲಿನ ತುದಿಗೆ ಒಂದು ಪ್ಲಾಸ್ಟಿಕ್ ಕೈ ಇರುತ್ತೆ, ನಾಯಿ ತಿಂತಿರೋವಾಗ ಆ ಕೈಯಿಂದ ಬಟ್ಟಲು ಎಳೀತಾರೆ, ನಾಯಿ ಗುರ್ ಅಂದ್ರೆ ಫೇಲ್. ಸುತ್ತ ನಲವತ್ತು ನಾಯಿ ಬೊಗಳ್ತಿರುತ್ವೆ, ಫಿನಾಯಿಲ್ ವಾಸನೆ, ರಾತ್ರಿ ನಿದ್ದೆ ಇಲ್ಲ, ಗುರುತಿರೋ ಒಂದು ಮುಖ ಇಲ್ಲ, ಅಂಥ ಕಡೆ ಊಟದ ಬಟ್ಟಲಿಗೆ ಕೋಲು ಹಾಕಿದ್ರೆ ನಾಯಿ ಬಿಡಿ, ನಾನೇ ಗುರ್ ಅಂತಿದ್ದೆ. ಶೆಲ್ಟರ್‌ನಲ್ಲಿ ಹಾಗೆ ಗುರ್ ಅಂದ ಸುಮಾರು ನಾಯಿಗಳು ಮನೆಗೆ ಹೋದ್ಮೇಲೆ ಆ ಬುದ್ಧಿ ತೋರಿಸೋದೇ ಇಲ್ಲ ಅಂತ ಅಧ್ಯಯನ ಮಾಡಿದವರೇ ಹೇಳಿದಾರೆ, ಎಎಸ್‌ಪಿಸಿಎಯವರೂ ಆ ಪರೀಕ್ಷೆ ಬಿಡಿ ಅಂತಾನೇ ಹೇಳಿದ್ದು. ನಿಜವಾಗ್ಲೂ ಅಪಾಯ ಇರೋ ನಾಯಿ ಇಲ್ವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇರುತ್ವೆ, ಕೆಲವು. ಅದನ್ನ ಕಚ್ಚಿದ ದಾಖಲೆ ನೋಡಿ, ಎರಡು ಮೂರು ವಾರ ಗಮನಿಸಿ ತೀರ್ಮಾನ ಮಾಡ್ಲಿ, ಬಂದ ಮೂರನೇ ದಿನ ಪ್ಲಾಸ್ಟಿಕ್ ಕೈ ಹಿಡ್ಕೊಂಡು ಅಲ್ಲ.

ನಮ್ಮ ಕಡೆಯವರು, ಅಂದ್ರೆ ಸಾಯಿಸಬೇಡಿ ಅಂತ ಕೂಗೋವ್ರು, ಮಾಡೋ ತಪ್ಪೂ ಹೇಳ್ಬೇಕು, ಇಲ್ಲಾಂದ್ರೆ ಈ ಪತ್ರ ಅರ್ಧ ಸುಳ್ಳಾಗುತ್ತೆ. ತೈವಾನ್‌ನಲ್ಲಿ ಮೊದಲು ಹನ್ನೆರಡು ದಿನದಲ್ಲಿ ಯಾರೂ ಬರ್ಲಿಲ್ಲ ಅಂದ್ರೆ ಸಾಯಿಸಬಹುದಿತ್ತು, ಆ ನಿಯಮ ತೆಗೀತೀವಿ ಅಂತ 2015ರಲ್ಲಿ ಕಾನೂನು ತಿದ್ದಿದ್ರು, ಜಾರಿಗೆ ಬಂದಿದ್ದು 2017ರ ಫೆಬ್ರವರಿಯಲ್ಲಿ. ಆ ನಡುವೆ, 2016ರಲ್ಲಿ, ಅಲ್ಲಿನ ಒಂದು ಶೆಲ್ಟರ್‌ನ ವೈದ್ಯೆ ತನ್ನ ಜೀವ ತಾನೇ ಕಳ್ಕೊಂಡ್ರು. ಪ್ರಾಣಿಗಳ ಮೇಲಿನ ಪ್ರೀತಿಗೇ ಆ ಕೆಲಸಕ್ಕೆ ಸೇರಿದ ಹೆಣ್ಮಗಳು, ಟೀವಿಯಲ್ಲಿ ಬಂದು ಇಲ್ಲಿ ಏನು ನಡೀತಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಜನ ಅವರನ್ನೇ ಕಟುಕಿ ಅಂತ ಬೈದಿದ್ರು. ನಾಯಿ ಮೇಲೆ ಕರುಣೆ ಇದೆ ಅನ್ನೋವ್ರ ಬಾಯಿಂದಾನೇ ಬಂದ ಮಾತು ಅದು. ನಂಗೆ ರಿಜಿಸ್ಟರ್ ತೋರಿಸಿದ ಹುಡುಗಿ ಕೂಡ ಅವತ್ತು ಬೆಳಿಗ್ಗೆ ಆ ನಾಯಿನ ಎತ್ಕೊಂಡು ಒಳಗೆ ಹೋಗಿದ್ದವಳೇ, ಆಮೇಲೆ ಗೊತ್ತಾಯ್ತು. ಗೇಟ್ ಮುಂದೆ ನಿಂತು ಅವರಿಗೆ ಶಾಪ ಹಾಕೋದ್ರಿಂದ ಒಂದು ಗೂಡೂ ಹೆಚ್ಚಾಗಲ್ಲ. ಬಜೆಟ್ ಮಾಡೋವ್ರು ಯಾರು, ಕಾಯೋ ದಿನ ಎಷ್ಟು ಅಂತ ತೀರ್ಮಾನ ಮಾಡೋವ್ರು ಯಾರು, ಶೆಲ್ಟರ್ ಸಂಜೆ ಐದಕ್ಕೆ ಮುಚ್ಚಿದ್ರೆ ಕೆಲಸಕ್ಕೆ ಹೋಗೋ ಜನ ದತ್ತು ತಗೊಳ್ಳೋಕೆ ಯಾವಾಗ ಬರ್ಬೇಕು, ಇಂಥದ್ದನ್ನ ಮೇಲಿನವ್ರನ್ನ ಕೇಳ್ಬೇಕು.

ಇನ್ನೊಂದು, ‘ಸಾಯಿಸಬಾರದು’ ಅಂತ ಕಾನೂನು ಮಾಡಿದ ತಕ್ಷಣ ಎಲ್ಲ ಮುಗೀತು ಅಂದ್ಕೊಳ್ಳೋದು. ಇಟಲಿಯಲ್ಲಿ 1991ರಲ್ಲೇ ಕಾನೂನು ಬಂತು, ಗುಣವಾಗದ ಕಾಯಿಲೆ ಇದ್ರೆ ಅಥವಾ ಅಪಾಯ ಅಂತ ಸಾಬೀತಾದ್ರೆ ಮಾತ್ರ, ಇಲ್ಲಾಂದ್ರೆ ಶೆಲ್ಟರ್ ನಾಯಿನ ಸಾಯಿಸೋ ಹಾಗಿಲ್ಲ ಅಂತ. ಒಳ್ಳೇದೇ. ಆದ್ರೆ ಕೆಲವು ಕಡೆ ನಾಯಿಗಳು ಇಡೀ ಜೀವನ ಸಿಮೆಂಟ್ ಗೂಡಲ್ಲೇ ಕಳೀತಾವೆ. ಅಮೆರಿಕದಲ್ಲೂ ನೂರಕ್ಕೆ 90 ಪ್ರಾಣಿ ಜೀವಂತವಾಗಿ ಹೊರಗೆ ಹೋದ್ವು ಅಂತ ತೋರ್ಸೋಕೆ ಕೆಲವರು ವಯಸ್ಸಾದ, ಕಾಯಿಲೆಯ ನಾಯಿಗಳನ್ನ ಒಳಗೇ ತಗೊಳ್ಳಲ್ಲ, ಬಾಗಿಲಲ್ಲೇ ವಾಪಸ್ ಕಳಿಸ್ತಾರೆ, ಲೆಕ್ಕ ಮಾತ್ರ ಕ್ಲೀನ್. ಹಾಗಾಗಿ ಬರೀ ಶೇಕಡಾವಾರು ಕೇಳಿದ್ರೆ ಸಾಲದು, ಒಳಗೆ ಬಿಡದೆ ಕಳಿಸಿದ್ದು ಎಷ್ಟು, ಒಂದೊಂದು ನಾಯಿ ಗೂಡಲ್ಲಿ ಇದ್ದಿದ್ದು ಎಷ್ಟು ದಿನ ಅನ್ನೋದೂ ಬೇಕು.

ನಮ್ಮ ದೇಶದಲ್ಲಿ ಇದು ಯಾಕೆ ಈಗ ಅಂದ್ರೆ. ನಮ್ಮಲ್ಲಿ ಬೀದಿನಾಯಿಗಳ ಸಂತಾನ ನಿಯಂತ್ರಣ ನಿಯಮ 2001ರಲ್ಲೇ ಬಂದಿದೆ, 2023ರಲ್ಲಿ ಹೊಸದಾಗಿ ಬಂತು, ಗುಣವಾಗದ ಕಾಯಿಲೆ ಅಥವಾ ಬದುಕೋ ಹಾಗೇ ಇಲ್ಲದ ಗಾಯ ಇದ್ರೆ ಮಾತ್ರ ದಯಾಮರಣ, ಅದೂ ಇನ್ನೊಂದು ನಾಯಿ ಎದುರಿಗೆ ಮಾಡೋ ಹಾಗಿಲ್ಲ. (ಈ ಕೊನೇ ಸಾಲು ಬರೆಸಿದ ಪುಣ್ಯಾತ್ಮರು ಯಾರೋ, ನಾಯಿ ಗೂಡಿನ ಸಾಲು ಕಣ್ಣಾರೆ ನೋಡಿದವರೇ ಇರ್ಬೇಕು.) ಮದ್ರಾಸಲ್ಲಿ ಹಿಡಿದು ಕೊಲ್ಲೋದನ್ನ ಶತಮಾನಕ್ಕಿಂತ ಹೆಚ್ಚು ಕಾಲ ಮಾಡಿ, ನಾಯಿ ಕಡಿಮೆ ಆಗ್ಲಿಲ್ಲ, ರೇಬೀಸೂ ಹೋಗ್ಲಿಲ್ಲ, ಬ್ಲೂ ಕ್ರಾಸ್ ಅನ್ನೋ ಪ್ರಾಣಿದಯಾ ಸಂಸ್ಥೆಯವರು ಹಿಂದೆ ಬಿದ್ದು ಬಿದ್ದು ಕೊನೆಗೆ 1996ರಲ್ಲಿ ಸಂತಾನಹರಣ ಆಪರೇಷನ್ ಮತ್ತೆ ಲಸಿಕೆ ದಾರಿಗೆ ಅಲ್ಲಿನ ಕಾರ್ಪೊರೇಷನ್‌ನವರು ಬಂದ್ರು. ರೇಬೀಸ್ ನಿಲ್ಲೋದು ನೂರಕ್ಕೆ 70 ನಾಯಿಗೆ ಲಸಿಕೆ ಹಾಕಿದಾಗ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾನೇ ಇದೆ. ಈಗ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಆವರಣದ ನಾಯಿಗಳನ್ನ ಹಿಡಿದು ಆಪರೇಷನ್, ಲಸಿಕೆ ಮಾಡಿ ಶೆಲ್ಟರ್‌ಗೆ ಹಾಕಿ, ಅದೇ ಜಾಗಕ್ಕೆ ವಾಪಸ್ ಬಿಡ್ಬೇಡಿ ಅಂತ ಆದೇಶ ಕೊಡ್ತು. ಮಕ್ಕಳ, ರೋಗಿಗಳ ಸುರಕ್ಷತೆ ವಿಷಯ, ಅದರ ಸರಿ ತಪ್ಪು ನಾನು ಇಲ್ಲಿ ವಾದ ಮಾಡಲ್ಲ. ಆದ್ರೆ ಒಳಗೆ ಬರೋ ಬಾಗಿಲು ಮಾತ್ರ ಇದ್ದು ಹೊರಗೆ ಹೋಗೋ ಬಾಗಿಲು ಇಲ್ಲದ ಶೆಲ್ಟರ್ ಎಷ್ಟು ದಿನಕ್ಕೆ ತುಂಬುತ್ತೆ, ತುಂಬಿದ್ಮೇಲೆ ಯಾವ ಮಾತು ಶುರುವಾಗುತ್ತೆ ಅನ್ನೋದು ನಿಮ್ಮ ಓದುಗರ ಪತ್ರದಲ್ಲೇ ಬಂದಾಗಿದೆ. ಕಾನೂನಲ್ಲಿ ‘ಜಾಗ’ ಅಂತ ಬರೆಯೋ ಹಾಗಿಲ್ಲ ಅಂದಾಗ ಬೇರೆ ಪದ ಬರೀತಾರೆ, ‘ಕಾಯಿಲೆ’ ಅಂತ ಬರೆದ್ರೆ ಯಾರು ಹೋಗಿ ನೋಡಿದ್ರು? ಚರ್ಮದ ಕಜ್ಜಿನೂ ಕಾಯಿಲೆನೇ, ಒಣ ಕೆಮ್ಮೂ ಕಾಯಿಲೆನೇ, ಎರಡಕ್ಕೂ ಔಷಧಿ ಇದೆ.

ಅದಕ್ಕೇ ನನ್ನದು ಒಂದೇ ಬೇಡಿಕೆ. ಪ್ರತಿ ಸರ್ಕಾರಿ ಶೆಲ್ಟರ್ ಮುಂದೆ, ಜನಕ್ಕೆ ಕಾಣೋ ಹಾಗೆ, ತಿಂಗಳಿಗೊಂದು ಸಲ ಲೆಕ್ಕ ಹಾಕ್ಲಿ. ಎಷ್ಟು ಬಂತು, ಎಷ್ಟು ದತ್ತು ಹೋಯ್ತು, ಎಷ್ಟು ಸತ್ತೋಯ್ತು, ಎಷ್ಟನ್ನ ಸಾಯಿಸಿದ್ರು, ಸಾಯಿಸಿದ್ದಕ್ಕೆ ಒಂದೊಂದಕ್ಕೂ ಏನು ಕಾರಣ, ಸಹಿ ಹಾಕಿದ ಡಾಕ್ಟರ್ ಯಾರು. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ಬೋರ್ಡು, ಒಂದು ಸೀಮೆಸುಣ್ಣ ಸಾಕು.

ಮತ್ತೆ ನಿಮ್ಮಲ್ಲೂ ಒಂದು ವಿನಂತಿ ಸಂಪಾದಕರೇ. ನಾಯಿ ಕಚ್ಚಿದ ಸುದ್ದಿ ನೀವು ಹಾಕ್ತೀರ, ಹಾಕ್ಬೇಕು. ಹಾಗೇ ನಿಮ್ಮ ವರದಿಗಾರರನ್ನ ಒಂದಿನ ಶೆಲ್ಟರ್‌ಗೂ ಕಳ್ಸಿ, ಮುದ್ದು ಮರಿಗಳ ಫೋಟೋ ಬೇಡ, ಆ ರಿಜಿಸ್ಟರ್ ತೆಗೆಸಿ ‘ಕಾರಣ’ ಅನ್ನೋ ಕಾಲಂ ಒಂದನ್ನ ಓದ್ಕೊಂಡು ಬರ್ಲಿ. ಅದು ಖಾಲಿ ಇದ್ರೆ, ಖಾಲಿ ಇದೆ ಅಂತಾನೇ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ